ಪೂರ್ವಪಕ್ಷಕ್ಕೇ ನಿಂತ ಮಾತು

“ಇದನ್ನ ಬರದವರು ನೀವ ಅಲ್ಲೇನ್ರಿ, ಆಚಾರ್ರ?”

ಸರೋಜಿನಿಬಾಯಿ ತಮ್ಮ ಮೊಬೈಲನ್ನು ವ್ಯಾಸಪೀಠದ ಮೇಲೆ, ತೆರೆದ ಪೋಥಿಯ ಪಕ್ಕದಲ್ಲಿ ಇರಿಸಿದರು. ನಾಸಿಕದ ಪಂಚವಟಿಯ ಆ ಹಳೆಯ ಮನೆಯ ನಡುಕೋಣೆಯಲ್ಲಿ ಗಂಧ ತುಳಸಿಗಳ ವಾಸನೆ ಇನ್ನೂ ಆರಿರಲಿಲ್ಲ. ಉಮಾನಾಥಾಚಾರ್ಯರು ಬೆಳಗಿನ ಪಾರಾಯಣವನ್ನು ಆಗಷ್ಟೇ ಮುಗಿಸಿದ್ದರು. ಕನ್ನಡಕವನ್ನು ಹಣೆಯಿಂದ ಮೂಗಿಗಿಳಿಸಿ ಅವರು ಪರದೆಯ ಮೇಲೆ ಬಾಗಿದರು.

“ಹೌದ್ರಿ, ನಂದ. ಹೆಸರು ಅದ ಅಲ್ಲಾ ಮ್ಯಾಲೆ.” ಆ ಧ್ವನಿಯಲ್ಲಿ ಅಳುಕಿರಲಿಲ್ಲ, ಒಳ್ಳೆಯ ಕೆಲಸವನ್ನು ಯಾರೋ ಗುರುತಿಸಿದರೆಂಬ ಮೆಲುವಾದ ಸಂತೋಷವಿತ್ತು. “ಪಾಪ, ಆ ಸ್ವಾಮಿಗಳ ಪರವಾಗಿ ಇಡೀ ಊರಾಗ ಬಾಯಿ ಬಿಟ್ಟಾಂವ ನಾ ಒಬ್ಬನ.”

ಹೊಸ್ತಿಲ ಬಳಿ ಚಾಪೆಯ ಮೇಲೆ ಕುಳಿತಿದ್ದ ಜಲಜಾ ತಲೆಯೆತ್ತಿದಳು.

ಅವಳ ಗಂಡ, ಜಂಗಮ ಗುರುಸಿದ್ದಯ್ಯನವರನ್ನು, ವಾಳೂಜಿನ ಕಾರ್ಖಾನೆ ಕೇರಿಯಲ್ಲಿ ಮಕ್ಕಳ ಕಳ್ಳನೆಂದು ಜನ ಬಡಿದು ಕೊಂದ ಮೇಲೆ ಬಂದ ಮೊದಲ ಸೋಮವಾರ ಅದು. ಅವರ ತೊಡೆಯ ಮೇಲೆ ಮಗುವೊಂದು ಮಲಗಿದ್ದ ಚಿತ್ರವನ್ನು ಹಾಕಿ ಆ ಸುಳ್ಳನ್ನು ಹುಟ್ಟಿಸಿದವರು ಫೇಸ್‌ಬುಕ್ಕಿನಲ್ಲಿ ‘ಬಾಲರಕ್ಷಕ’ ಎಂಬ ಹೆಸರಿನ ಹಿಂದೆ ಅಡಗಿದ್ದರು. ಬ್ಯಾಂಕಿನ ವಿಜಿಲೆನ್ಸ್ ವಿಭಾಗದಲ್ಲಿ ಆಯುಷ್ಯದ ಬಹುಪಾಲನ್ನು ಸವೆಸಿ, ನಿವೃತ್ತಿಯಾದರೂ ಧಾರವಾಡಕ್ಕೆ ಮರಳದೆ ನಾಸಿಕದಲ್ಲೇ ಉಳಿದ ಸರೋಜಿನಿಬಾಯಿ ಆ ಮುಖವನ್ನು ಹುಡುಕುತ್ತ ಹೊರಟಿದ್ದರು. ಹುಡುಕಾಟವು ತಮ್ಮನ್ನು ಈ ಮನೆಗೆ ತಂದು ನಿಲ್ಲಿಸೀತೆಂದು ಅವರು ಎಣಿಸಿರಲಿಲ್ಲ.

“ಓದ್ರಿ,” ಎಂದರು ಅವರು. “ಜೋರಾಗಿ ಓದ್ರಿ.”

ಆಚಾರ್ಯರು ತಾವು ಬರೆದ ಮರಾಠಿಯನ್ನು ಓದಿ, ಜಲಜಾಳಿಗಾಗಿ ಕನ್ನಡದಲ್ಲಿ ಹೇಳಿದರು. ಗೋದಾವರಿಯ ದಡದಲ್ಲಿ ದಶಕಗಳ ಕಾಲ ಪ್ರವಚನ ನುಡಿದು ಪಳಗಿದ ಕಂಠ. ಪ್ರತಿ ಅಕ್ಷರವೂ ಬಿಡಿಬಿಡಿಯಾಗಿ, ಸ್ಫುಟವಾಗಿ ಬಂತು.

“‘ಈ ಕಾವಿಧಾರಿಯ ಜೋಳಿಗೆಯಲ್ಲಿ ಮಕ್ಕಳನ್ನು ಮೂರ್ಛೆಗೊಳಿಸುವ ಪುಡಿಯಿದೆ. ಚಿತ್ರದಲ್ಲಿ ಅದನ್ನು ಕಣ್ಣಾರೆ ಕಾಣಬಹುದು. ಇವನು ಪರನಾಡಿನವನು, ನೆಲೆಯಿಲ್ಲದವನು. ತೊಡೆಯ ಮೇಲಿನ ಕೂಸು ಆಗಲೇ ಎಚ್ಚರ ತಪ್ಪಿದೆ. ಇಂಥವನನ್ನು ಕಂಡ ಮೇಲೂ ತಾಯಂದಿರು ಸುಮ್ಮನಿರುವುದು ಹೇಗೆ?’”

ಓದು ಅಲ್ಲಿಗೆ ನಿಂತಿತು. ಆಚಾರ್ಯರು ಹೆಬ್ಬೆರಳಿನಿಂದ ಪರದೆಯನ್ನು ಮೇಲಕ್ಕೆ ತಳ್ಳಿದರು. ಅದು ಕದಲಲಿಲ್ಲ.

“ಮುಂದಿಂದು ಎಲ್ಲೆ?”

“ಮುಂದಿಂದು ಇಲ್ಲರಿ.”

“ಇಲ್ಲಂದ್ರ? ಇದು ಪೂರ್ವಪಕ್ಷ, ಬಾಯಿಯವರ. ಎದುರಿನವರ ವಾದ. ಇದರ ಕೆಳಗ ನನ್ನ ಖಂಡನೆ ಅದ. ಒಂದೊಂದು ಮಾತು ಎತ್ತಿ ಮುರದೀನಿ. ಅದು ಪುಡಿಯಲ್ಲ ವಿಭೂತಿ ಅಂತ ಹೇಳೀನಿ. ಪರನಾಡಿನವರಲ್ಲ, ಇಲ್ಲೆ ದೇವಳಾಲಿ ಕ್ಯಾಂಪಿನ್ಯಾಗ ಸಂಸಾರ ಹೂಡಿದವರು ಅಂತ ಹೇಳೀನಿ. ಇದರ ನಾಕರಷ್ಟು ಅದ ಅದು!”

“ಗೊತ್ತದ. ನಾ ಪೂರ್ತಿ ಓದೀನಿ. ನಿಮ್ಮ ಖಂಡನೆಯೊಳಗ ಒಂದು ಸಂದು ಇಲ್ಲ.” ಸರೋಜಿನಿಬಾಯಿ ಮೊಬೈಲನ್ನು ತಮ್ಮತ್ತ ತಿರುಗಿಸಿಕೊಂಡರು. “ಆದ್ರ ಇದು ನಿಮ್ಮ ಬರಹದ ಫೋಟೋ. ಮೊದಲಿನ ತುಂಡು ಮಾತ್ರ ಕತ್ತರಿಸಿ ತಗದದ್ದು. ಮ್ಯಾಲೆ ನಿಮ್ಮ ಹೆಸರು, ಶಾಲು ಹೊತ್ತ ನಿಮ್ಮ ಮಾರಿ. ವಾಳೂಜಿನ್ಯಾಗ ಬಡದವರ ಮೊಬೈಲ್ ಪೊಲೀಸರು ತಗದು ನೋಡ್ಯಾರ. ಅದರಾಗ ಸಿಕ್ಕದ್ದು ಬಾಲರಕ್ಷಕನ ಪೋಸ್ಟ್ ಅಲ್ಲ, ಆಚಾರ್ರ. ಇದು.”



ಎದುರಾಳಿಯ ಮಾತನ್ನು ಅವನಿಗಿಂತ ಚೆನ್ನಾಗಿ ಹೇಳಿದ ಮೇಲೆಯೇ ಅದನ್ನು ಖಂಡಿಸಲು ಅಧಿಕಾರ ಬರುತ್ತದೆಂಬುದು ಶಾಸ್ತ್ರಾಭ್ಯಾಸಿಗಳ ಹಳೆಯ ನಡೆ. ಆಚಾರ್ಯರಿಗೆ ಅದನ್ನು ಕಲಿಸಿದ ಗುರುಗಳು ಪೂರ್ವಪಕ್ಷ ಸೊರಗಿದರೆ ಶಿಷ್ಯನನ್ನು ಎಬ್ಬಿಸಿ ನಿಲ್ಲಿಸುತ್ತಿದ್ದರಂತೆ. ಆ ನಿಷ್ಠೆಯಿಂದಲೇ ಅವರು ಬಾಲರಕ್ಷಕನ ಒರಟು ಕೂಗನ್ನು ತಿದ್ದಿ, ತೀಡಿ, ಅದಕ್ಕೆ ತರ್ಕದ ಬಲ ಕೊಟ್ಟು ಮೊದಲ ಸಾಲುಗಳಲ್ಲಿ ಕೂಡಿಸಿದ್ದರು. ಕೊಲ್ಲುವುದಕ್ಕಾಗಿ ಅದನ್ನು ಚೆನ್ನಾಗಿ ಸಾಕಿದ್ದರು.

ಅದು ಬದುಕಿಕೊಂಡಿತು.

“ಕತ್ತರಿಸಿದಾಂವ ಪಾಪಿ,” ಎಂದರು ಆಚಾರ್ಯರು. “ನಾನಲ್ಲ.”

“ಕತ್ತರಿಸಿದವನನ್ನ ಹುಡುಕೂದು ನನ್ನ ಕೆಲಸ. ಆದ್ರ ಕತ್ತರಿಸದ ಬರಹ ನೋಡಿದವರಿಗೂ ನಿಮ್ಮ ಮಾತು ಹಿಂಗ ಕಂಡದ. ಇಲ್ನೋಡ್ರಿ.”

ಸರೋಜಿನಿಬಾಯಿ ಮೂಲದ ಪುಟವನ್ನೇ ತೆರೆದರು. ಆಚಾರ್ಯರ ಬರಹದ ಮೊದಲ ಕೆಲವು ಸಾಲುಗಳು ಕಂಡವು. ಅದರ ಕೆಳಗೆ ಮಸುಕಾದ ಅಕ್ಷರಗಳಲ್ಲಿ, ಇನ್ನಷ್ಟು ಓದಿರಿ ಎಂಬ ಸೂಚನೆ. ಅದನ್ನು ಒತ್ತಿದಾಗ ಮಾತ್ರ ಖಂಡನೆ ಬಿಚ್ಚಿಕೊಂಡಿತು.

“ಇದನ್ನ ಒತ್ತಬೇಕು ಅಂತ ಜನಕ್ಕ ಗೊತ್ತಿಲ್ಲೇನು?”

“ಗೊತ್ತದ. ಒತ್ತಂಗಿಲ್ಲ. ಇದು ನಿಮ್ಮ ಸಭೆ ಅಲ್ರಿ. ಸಭೆಯೊಳಗ ಜನ ಕೂತು ಕೇಳ್ತಾರ. ಇಲ್ಲೆ ಬಸ್ಸಿನ್ಯಾಗ ನಿಂತು, ಚಹಾ ಕುಡಕೋತ, ಮಗೂನ ಎತ್ತಿಕೊಂಡು ಓದ್ತಾರ. ಮೊದಲನೇ ಮಾತು ಕಣ್ಣಿಗೆ ಬಿತ್ತು, ಮುಂದ ಹೋದ್ರು. ಆಚಾರ್ರೂ ಹಂಗ ಅಂದಾರ ಅಂತ ತಲಿಯೊಳಗ ಕೂತು ಬಿಡ್ತು.”

“ಪೂರ್ತಿ ಓದದ ಇದ್ದವರ ತಪ್ಪಿಗೆ ನಾ ಏನ್ ಮಾಡ್ಲಿ?”

ಆಗ ಜಲಜಾ ಬಾಯಿ ತೆರೆದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಕೇಳಲು ಕಷ್ಟವಾಗುತ್ತಿತ್ತು.

“ಅಜ್ಜಾರ, ನಮ್ಮವರು ನಿಮ್ಮ ಪ್ರವಚನ ಕೇಳಾಕ ಬರ್ತಿದ್ರು. ನಿಮಗ ನೆನಪಿಲ್ಲ ಬಿಡ್ರಿ, ಹಿಂದ ಕಂಬದ ಕಡೆ ಕೂಡ್ತಿದ್ರು. ಮಂದಿ ನಡುವ ಎದ್ದು ಹೋಕ್ಕಿದ್ರು. ಇವರು ಮಂಗಳಾರತಿ ಆಗೂತನಾ ಏಳ್ತಿರಲಿಲ್ಲ. ‘ಅರ್ಧಾ ಕೇಳಿದ್ರ ಅದು ಕೇಳಿದಂಗಲ್ಲ’ ಅಂತಿದ್ರು.”

ಆಚಾರ್ಯರು ಕನ್ನಡಕ ತೆಗೆದರು. ಉತ್ತರೀಯದ ಅಂಚಿನಿಂದ ಅದನ್ನು ಒರೆಸತೊಡಗಿದರು. ಒರೆಸಿದರು, ಮತ್ತೆ ಒರೆಸಿದರು, ಹಾಕಿಕೊಳ್ಳಲಿಲ್ಲ.

“ಇವತ್ತಿಂದ ಅನ್ನ ಬಿಡ್ತೀನಿ,” ಎಂದರು ಕೊನೆಗೆ. “ಚಾಂದ್ರಾಯಣ ಮಾಡ್ತೀನಿ. ಇದಕ್ಕ ಇದ್ದದ್ದು ಅದೊಂದ ದಾರಿ.”

“ಉಪವಾಸ ನಾಳೆ ಮಾಡ್ರಿ. ಇವತ್ತು ಬರೀಬೇಕಾಗೇದ.”

ಸರೋಜಿನಿಬಾಯಿ ಬೆಳಿಗ್ಗೆ ಬಂದ ಇನ್ನೊಂದು ಪೋಸ್ಟನ್ನು ತೆರೆದರು. ಅದೇ ಬಾಲರಕ್ಷಕ. ಒಂದು ಹಳೆಯ ಚಿತ್ರದಲ್ಲಿ ಕಾವಿಯುಟ್ಟ ಅಣ್ಣತಮ್ಮಂದಿರು ಜೊತೆಯಾಗಿ ನಿಂತಿದ್ದರು: ಸತ್ತ ಗುರುಸಿದ್ದಯ್ಯನವರು, ಅವರ ತಮ್ಮ ರೇವಯ್ಯ. ಕೆಳಗೆ ಒಂದೇ ಸಾಲು. ಕಳ್ಳನ ಜೊತೆಗಾರ ಇಂದು ಬರುತ್ತಿದ್ದಾನೆ.

ರೇವಯ್ಯ ಕಲಬುರ್ಗಿಯ ಕಡೆಯಿಂದ ರೈಲಿನಲ್ಲಿ ಬರುತ್ತಿದ್ದ. ಫಲಕಗಳ ಮೇಲೆ ಇನ್ನೂ ಔರಂಗಾಬಾದ್ ಎಂದೇ ಬರೆದಿದ್ದ, ವಾಳೂಜಿಗೆ ಅಂಟಿಕೊಂಡ ಸಂಭಾಜಿನಗರದಲ್ಲಿ, ಅಣ್ಣನ ಸಮಾಧಿಗೆ ಪೂಜೆ ಸಲ್ಲಿಸುವುದು ಅವನ ಸಂಕಲ್ಪ. ಅವನು ಮೊಬೈಲ್ ಇಟ್ಟುಕೊಂಡವನಲ್ಲ. ಕಾವಿಯನ್ನು ಕಳಚಿ ಬೇರೆ ಬಟ್ಟೆ ತೊಡುವವನೂ ಅಲ್ಲ. ದುಃಖದಲ್ಲಿರುವವನು ಒಬ್ಬನೇ ಗಾಡಿ ಬದಲಾಯಿಸುವುದು ಬೇಡವೆಂದು ಆಚಾರ್ಯರೇ ನಿನ್ನೆ ತಮ್ಮ ಮಗನನ್ನು ಮನ್ಮಾಡ್ ನಿಲ್ದಾಣದಿಂದ ಅವನನ್ನು ಕರೆದೊಯ್ಯಲು ಗೊತ್ತು ಮಾಡಿದ್ದರು. ಮಗ ವರುಣ್ ಓಝರಿನ ವಿಮಾನ ಕಾರ್ಖಾನೆಯ ಇಂಜಿನಿಯರು. ರಜೆ ಹಾಕಿ, ಪೋಸ್ಟ್ ಬರುವ ಮೊದಲೇ ಕಾರಿನಲ್ಲಿ ಹೊರಟುಹೋಗಿದ್ದ.

“ವರುಣ ಫೋನ್ ಎತ್ತವಲ್ಲ,” ಎಂದರು ಸರೋಜಿನಿಬಾಯಿ. “ರೇವಯ್ಯನವರನ್ನ ವಾಳೂಜ್ ಕಡೆ ಒಯ್ಯಬ್ಯಾಡ, ಸೀದಾ ನಾಸಿಕಕ್ಕ ಕರಕೊಂಡು ಬಾ ಅಂತ ಮೆಸೇಜ್ ಹಾಕೀನಿ. ನೋಡಿಲ್ಲ. ರೈಲ್ವೆ ಪೊಲೀಸರಿಗೂ ಹೇಳೀನಿ. ‘ನೋಡ್ತೀವಿ ಬಾಯಿ’ ಅಂದ್ರು.”

“ಗಾಡಿ ನಡಸೂವಾಗ ಅವ ಎತ್ತಂಗಿಲ್ರಿ. ಭಾಳ ಶಿಸ್ತಿನ ಹುಡುಗ.”

“ಹಂಗಾದ್ರ ನಮ್ಮ ಕೈಯಾಗ ಉಳದದ್ದು ಇದೊಂದ. ವಾಳೂಜಿನ ಮಂದಿ ಕಲ್ಲು ಎತ್ತಿಕೊಳ್ಳೂ ಮೊದಲ ಅವರ ಕಣ್ಣಿಗೆ ನಿಜ ಬೀಳಬೇಕು.”

ಜಲಜಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು. “ಇನ್ನೊಂದು ಹೆಣಾ ನನ್ನ ಕಡಿಂದ ನೋಡಾಕ ಆಗಂಗಿಲ್ರಿ, ಅಕ್ಕಾರ.”

ಆಚಾರ್ಯರು ಮಗ ಬಿಟ್ಟುಹೋದ ಟ್ಯಾಬನ್ನು ಒಳಗಿಂದ ತಂದರು. ಅದನ್ನು ಸರೋಜಿನಿಬಾಯಿಯ ಮುಂದೆ ಸರಿಸಿದರು.

“ನೀವ ಒತ್ರಿ. ನನ್ನ ಬೆರಳಿಗೆ ಆ ಅಕ್ಷರ ಸಿಗಂಗಿಲ್ಲ. ಶಕಾರ ಒತ್ತಿದ್ರ ಮಂಗ್ಯಾನ ಮಾರಿ ಬರ್ತದ. ಅವತ್ತೂ ನಾ ಹೇಳಿದೆ, ವರುಣ ಬರದ.”

ಜಲಜಾಳ ತುಟಿಯಲ್ಲೂ ನಗುವಿನ ಒಂದು ಎಳೆ ಹಾದುಹೋಯಿತು. ಹಾದುಹೋದದ್ದಕ್ಕೆ ಅವಳೇ ನಾಚಿದಂತೆ ತಲೆ ತಗ್ಗಿಸಿದಳು.

ಆಚಾರ್ಯರು ಕಣ್ಣು ಮುಚ್ಚಿ ಆರಂಭಿಸಿದರು. “ಬರೀರಿ. ‘ಈ ಜಂಗಮ ಸಹೋದರರು ಮಕ್ಕಳ ಕಳ್ಳರೆಂದು ಕೆಲವರು ಹೇಳುತ್ತಿದ್ದಾರೆ...’”

“ನಿಲ್ರಿ.”

“ಯಾಕ?”

“ಮೊದಲನೇ ಸಾಲಿನ್ಯಾಗ ಮತ್ತ ಸುಳ್ಳು ಕುಂತದ. ನಾವು ‘ಅಲ್ಲ’ ಅನ್ನೂದು ಆಮ್ಯಾಲೆ ಬರ್ತದ. ಅಷ್ಟೊತ್ತಿಗೆ ಅವರು ಮುಂದ ಹೋಗಿರ್ತಾರ.”

“ಸುಳ್ಳು ಹೇಳದ ಸುಳ್ಳನ್ನ ಮುರಿಯೂದು ಹೆಂಗ?”

“ನಿಜಾನ ಹೇಳ್ರಿ. ಸುಳ್ಳಿನ ಹೆಸರ ಎತ್ತಬ್ಯಾಡ್ರಿ.”

ಆಚಾರ್ಯರು ಮತ್ತೆ ಯೋಚಿಸಿದರು. ಈ ಸಲ ಅವರ ಮುಖ ಕೆಂಪೇರಿತ್ತು. “ಹಂಗಾದ್ರ ಬರೀರಿ. ‘ಎಲೈ ಬಾಲರಕ್ಷಕನೆಂಬ ನೀಚನೆ, ಮುಖ ಮುಚ್ಚಿಕೊಂಡು...’”

“ಅದೂ ಬ್ಯಾಡ್ರಿ.”

“ಅವನನ್ನ ಬೈಯೂದೂ ತಪ್ಪೇನು?”

“ಅವಂಗ ಅದ ಬೇಕಾಗೇದ. ನೀವು ಬೈತೀರಿ, ಅವ ಬೈತಾನ, ಮಂದಿ ಜಗಳಾ ನೋಡಾಕ ಕೂಡ್ತಾರ. ಆಚಾರ್ರ, ನೀವು ಅವಂಗ ಬರೀಬ್ಯಾಡ್ರಿ. ಅವ ಮನಸ್ಸು ತಿರಿಗಿಸಾಂವ ಅಲ್ಲ. ಅಲ್ಲೆ ಸುಮ್ಮನ ಓದವರು ಇರ್ತಾರಲ್ಲ, ಲೈಕ್ ಒತ್ತಂಗಿಲ್ಲ, ಮಾತಾಡಂಗಿಲ್ಲ, ಆದ್ರ ಸಂಜಿಗೆ ಓಣಿಯೊಳಗ ನಿಲ್ಲವರು ಅವರ. ಅವರಿಗೆ ಬರೀರಿ.”

ಆಚಾರ್ಯರು ಕಣ್ಣು ತೆರೆದರು.

“ಮಧ್ಯಸ್ಥರು,” ಎಂದರು ಮೆಲ್ಲಗೆ. “ವಾದಿ ಪ್ರತಿವಾದಿಗಳ ನಡುವ ಕೂತು ಕೇಳವರು. ಮಾತು ಸಲ್ಲಬೇಕಾದದ್ದು ಅವರಿಗೆ. ಗೆಲ್ಲೂದ ಗುರಿಯಾದ್ರ ಅದು ಜಲ್ಪ; ಬರೇ ಮುರಿಯೂದ ಗುರಿಯಾದ್ರ ವಿತಂಡ. ಆಯುಷ್ಯಪೂರ್ತಿ ಇದನ್ನ ಪಾಠ ಹೇಳೀನಿ, ಬಾಯಿಯವರ. ಹೇಳೂದಕ್ಕಷ್ಟ ಬಂತು.”

ಅವರು ಮೂರನೆಯ ಸಲ ಆರಂಭಿಸಲು ಬಾಯಿ ತೆರೆದರು, ಮುಚ್ಚಿದರು. “ನನ್ನ ಹೆಸರಿಲೆ ಇನ್ನ ಏನೂ ಬರೀಬಾರದು. ಆ ಹೆಸರು ಒಮ್ಮೆ ಸುಳ್ಳಿನ ನೆತ್ತಿ ಮ್ಯಾಲೆ ಕೂತದ. ನಾ ಹೇಳೂದು ಏನಿದ್ರೂ ಕೇಳಿದ ಮಾತು. ಕಂಡವರು ಬೇಕು. ಪ್ರತ್ಯಕ್ಷ ಬೇಕು.”

ಸರೋಜಿನಿಬಾಯಿ ಅದನ್ನೇ ಕಾಯುತ್ತಿದ್ದರು. ಆ ಚಿತ್ರದಲ್ಲಿದ್ದ ಮಗುವಿಗೆ ಒಬ್ಬ ತಾಯಿ ಇದ್ದಳು.

ಮೃದುಲಾ ವಾಳೂಜಿನ ಸಾಲುಮನೆಗಳ ಚಾಳಿನವಳು. ತವರು ಸೊಲ್ಲಾಪುರದ ಕಡೆಯ ಕನ್ನಡ ಮನೆ; ಗಂಡ ದತ್ತು ಅಲ್ಲಿಯ ಕಾರ್ಖಾನೆಯೊಂದರಲ್ಲಿ ಗುತ್ತಿಗೆ ಕೆಲಸಗಾರ. ಗುರುಸಿದ್ದಯ್ಯನವರು ಭಿಕ್ಷೆಗೆಂದು ಹತ್ತಿಳಿಯುತ್ತಿದ್ದ ಕೆಲವೇ ಮನೆಗಳಲ್ಲಿ ಅವಳದೂ ಒಂದು. ಹೊಡೆತ ಬೀಳುವಾಗ ಅವಳು ಬಾಗಿಲ ಹಿಂದೆ ಇದ್ದಳು. ಅಂದಿನಿಂದ ಅವಳು ಯಾರೊಡನೆಯೂ ಮಾತನಾಡಿರಲಿಲ್ಲ.

ಫೋನು ಬಹಳ ಹೊತ್ತು ರಿಂಗಾಯಿತು.

“ಕೋಣ?” ಯಾರೆಂದು ಮರಾಠಿಯಲ್ಲಿ ಕೇಳಿತು ಹೆಣ್ಣುದನಿ.

“ನಾನವ್ವಾ, ಸರೋಜಿನಿ. ನಾಸಿಕದಿಂದ.”

ಆ ಕಡೆಯಿಂದ ಬಿಕ್ಕಳಿಕೆಗೆ ಹತ್ತಿರವಾದ ದನಿ. “ಕಾಕು, ನಂದು ಕನ್ನಡ ನೀಟ್ ಇಲ್ಲ. ಮರಾಠಿತ ಬೋಲೂ ಕಾ?”

“ಬೋಲ್ ಬಾಳಾ. ಹೆಂಗ ಬರ್ತದ ಹಂಗ ಮಾತಾಡು.”

“ನಮ್ಮ ಕೂಸು ತಾನ್ಯಾಗ ಜ್ವರದ ತಾಪ ಬಂದಿತ್ತು, ಕಾಕು. ಕಣ್ಣು ತೆಗೀತಿರಲಿಲ್ಲ. ಸ್ವಾಮಿ ಬಂದ್ರು, ನಾನೇ ಅವರ ಮಾಂಡೀವರ, ತೊಡೀ ಮ್ಯಾಲೆ ಮಲಗಿಸಿದೆ. ಅವರು ವಿಭೂತಿ ಹಚ್ಚಿ ಮಂತ್ರ ಹೇಳಿದ್ರು. ಮಲಾ ಭಾಳ ಬರಂ ವಾಟಲಂ, ಸಮಾಧಾನ ಆತು. ಅದಕ್ಕ ಫೋಟೋ ತೆಗದೆ.”

ಸರೋಜಿನಿಬಾಯಿಯ ಬೆನ್ನು ನೆಟ್ಟಗಾಯಿತು. “ಫೋಟೋ ನೀ ತಗದದ್ದಾ?”

“ಹೂಂ. ನಮ್ಮ ಬಳಗದ ಗ್ರೂಪಮಧ್ಯೇ ಹಾಕಿದೆ. ‘ಸ್ವಾಮಿ ಮನೀಗೆ ಬಂದ್ರು’ ಅಂತ. ಮತ್ತೆ ಎಲ್ಲಿಯೂ ಹಾಕಿಲ್ಲ. ಶಪ್ಪಥ್, ಕಾಕು.”

ಬಳಗದ ಗ್ರೂಪು! ನಾಸಿಕ, ಓಝರ್, ದೇವಳಾಲಿ, ವಾಳೂಜುಗಳಲ್ಲಿ ಚೆದುರಿದ ಕನ್ನಡ ಸಂಸಾರಗಳು ಹಬ್ಬಕ್ಕೆ ಶುಭಾಶಯ, ಊರ ಕಡೆಯ ಜೋಳದ ಹಿಟ್ಟಿನ ಸುದ್ದಿ ಹಂಚಿಕೊಳ್ಳುವ ವಾಟ್ಸಪ್ ಗುಂಪು. ಅದರೊಳಗೆ ಹೊರಗಿನವರು ಒಬ್ಬರೂ ಇರಲಿಲ್ಲ. ಇಷ್ಟು ದಿನ ಸರೋಜಿನಿಬಾಯಿ ಯಾವನೋ ಅಪರಿಚಿತ ದಾರಿಹೋಕನು ಚಾಳಿನ ಬಾಗಿಲಲ್ಲಿ ಕದ್ದು ತೆಗೆದ ಚಿತ್ರವೆಂದು ನಂಬಿ ಬಂದಿದ್ದರು. ಮಂಜನ್ನು ಹೊಗೆಯೆಂದು ಬಗೆದು, ಇಲ್ಲದ ಕಡೆಗೆ ಬೆಂಕಿಯನ್ನು ಹುಡುಕುತ್ತ ನಡೆದಂತಾಗಿತ್ತು.

ಬಾಲರಕ್ಷಕ ಹೊರಗಿನವನಲ್ಲ. ಹಬ್ಬಕ್ಕೆ ಶುಭಾಶಯ ಹೇಳಿದವರಲ್ಲಿ ಒಬ್ಬ.

ಆ ಯೋಚನೆಯನ್ನು ಅವರು ಸದ್ಯಕ್ಕೆ ಬದಿಗೆ ಸರಿಸಿದರು. ರೇವಯ್ಯನ ರೈಲು ಮನ್ಮಾಡ್ ಮುಟ್ಟಿಯಾಗಿರಬೇಕು.

“ಮೃದುಲಾ, ನೀ ನನಗ ಹೇಳಿದ್ದನ್ನ ಅಲ್ಲಿ ಬರೀಬೇಕು. ನಿನ್ನ ಹೆಸರಿಲೆ. ಮರಾಠಿಯೊಳಗ.”

“ನಕೋ ಕಾಕು! ಇವರು ಬ್ಯಾಡ ಅಂತಾರ. ಚಾಳಾತ ಎಲ್ಲಾರೂ ಕಸೇತರೀ, ಒಂಥರಾ ನೋಡತಾರ. ನಮಗ ಇಲ್ಲಿಯೇ ಇರಬೇಕು.”

“ಗೊತ್ತದ, ಬಾಳಾ. ನಾ ಜುಲುಮಿ ಮಾಡಂಗಿಲ್ಲ.” ಅವಳ ಭಯ ಸುಳ್ಳಾಗಿರಲಿಲ್ಲ. ಅದಕ್ಕೆ ಖಂಡನೆಯೂ ಇರಲಿಲ್ಲ.

ಜಲಜಾ ಎದ್ದು ಬಂದು ಕೈ ಚಾಚಿದಳು. ಫೋನನ್ನು ಕಿವಿಗೆ ಹಚ್ಚಿಕೊಂಡು ಹೊಸ್ತಿಲಿಗೆ ಒರಗಿದಳು.

“ತಂಗೀ, ನಾನು ಜಲಜಾ. ಸ್ವಾ‌ಮ್ಯಾರ ಮನಿಯಾಕಿ.” “ಕೂಸು ಹೆಂಗೈತಿ? ಜ್ವರ ಇಳೀತಾ?”

ಆ ಕಡೆಯ ಅಳು ಕೋಣೆಯೊಳಗೆಲ್ಲ ಕೇಳಿಸಿತು.

“ಅಳಬ್ಯಾಡ. ಆಡ್ತೈತಲ್ಲ? ಸಾಕು. ಅವರು ಆ ಸುತ್ತಿನ ಭಿಕ್ಷಾ ಮುಗಿಸಿ ಮನೀಗೆ ಬಂದಿದ್ರ ಮೊದಲ ಅದನ್ನ ಹೇಳ್ತಿದ್ರು, ‘ಮೃದುಲಾನ ಕೂಸಿಗೆ ಆರಾಮಿಲ್ಲ’ ಅಂತ.” ಜಲಜಾ ಕಣ್ಣೊರೆಸಿಕೊಳ್ಳಲಿಲ್ಲ. “ನಮ್ಮ ಮೈದುನ ಬರಾಕತ್ಯಾನ, ತಂಗೀ. ಅವನದೂ ಅದ ಬಟ್ಟಿ, ಅದ ಜೋಳಿಗಿ. ನಿನಗ ಹೆಂಗ ತಿಳೀತೈತಿ ಹಂಗ ಮಾಡು. ಬರೀಲಿಲ್ಲಂದ್ರೂ ನಾ ನಿನಗ ಕೆಟ್ಟ ಅನ್ನಂಗಿಲ್ಲ.”

ಫೋನು ಕಡಿದುಹೋಯಿತು.

ಮೂವರೂ ಟ್ಯಾಬಿನ ಬೆಳಕನ್ನು ನೋಡುತ್ತ ಕುಳಿತರು. ಬಾಲರಕ್ಷಕನ ಪೋಸ್ಟಿನ ಕೆಳಗೆ ಮಾತುಗಳು ಒಂದರ ಮೇಲೊಂದು ಏರುತ್ತಿದ್ದವು. ಯಾವನೋ ಬಸ್ ನಿಲ್ದಾಣದಲ್ಲಿ ಕಾಯುತ್ತೇನೆ ಎಂದಿದ್ದ. ಇನ್ನೊಬ್ಬ ಬಡಿಗೆಯ ಚಿತ್ರ ಹಾಕಿ ನಕ್ಕಿದ್ದ.

ಆಚಾರ್ಯರು ಸ್ವಗತವೆಂಬಂತೆ ನಾಮಸ್ಮರಣೆ ಮಾಡುತ್ತಿದ್ದರು. ನಡುನಡುವೆ ಅದೂ ತಪ್ಪುತ್ತಿತ್ತು.

ಆಗ ಮೃದುಲಾಳ ಹೆಸರು ಮೂಡಿತು.

‘ಚಿತ್ರದಲ್ಲಿರುವ ಮಗು ನನ್ನದು. ಅದಕ್ಕೆ ಜ್ವರ ಬಂದಿತ್ತು. ಸ್ವಾಮಿಗಳ ತೊಡೆಯ ಮೇಲೆ ನಾನೇ ಮಲಗಿಸಿದೆ, ಚಿತ್ರವನ್ನೂ ನಾನೇ ತೆಗೆದೆ. ಅವರು ಹಚ್ಚಿದ್ದು ವಿಭೂತಿ. ಮಗು ಈಗ ನನ್ನ ಮುಂದೆ ಆಡುತ್ತಿದೆ. ನಂಬಿಕೆ ಬಾರದವರು ಮನೆಗೆ ಬಂದು ನೋಡಿ, ಚಹಾ ಕುಡಿದು ಹೋಗಿ. ಇಂದು ಬರುವವರು ಅಣ್ಣನನ್ನು ಕಳೆದುಕೊಂಡವರು.’

ಅಷ್ಟೇ. ಪೂರ್ವಪಕ್ಷವಿಲ್ಲ, ಬೈಗುಳವಿಲ್ಲ. ಒತ್ತಿ ತೆರೆಯಬೇಕಾದದ್ದು ಏನೂ ಉಳಿದಿರಲಿಲ್ಲ.

ಆಚಾರ್ಯರು ಅದನ್ನು ತುಟಿಯಲುಗಿಸಿ ಓದಿದರು, ಮತ್ತೊಮ್ಮೆ ಓದಿದರು. “ಇಷ್ಟು ಸಾಕಿತ್ತು,” ಎಂದರು. “ಅವತ್ತ ಇಷ್ಟು ಸಾಕಿತ್ತು.”

ಏರುತ್ತಿದ್ದ ಮಾತುಗಳ ವೇಗ ತಗ್ಗಿತು. ಬಡಿಗೆಯ ಚಿತ್ರ ಮಾಯವಾಯಿತು. ಯಾರೋ ಒಬ್ಬ ಹೆಂಗಸು ಬರೆದಳು: ‘ನಾನೂ ಹಂಚಿದ್ದೆ. ಅಳಿಸುತ್ತಿದ್ದೇನೆ. ಕ್ಷಮಿಸಿ.’ ಚಾಳಿನ ನೆರೆಯವನೊಬ್ಬ ಬರೆದ: ‘ಈ ಅತ್ತಿಗೆಯನ್ನು ನಾನು ಬಲ್ಲೆ. ಮಗು ಅವರದೇ.’ ಅದರ ಕೆಳಗೆ ಮತ್ತೊಬ್ಬ, ಮಗದೊಬ್ಬ.

“ತಿರಗಾಕತ್ತಾರ,” ಎಂದರು ಸರೋಜಿನಿಬಾಯಿ, ಉಸಿರು ಬಿಡುತ್ತ.

ಜಲಜಾ ಪರದೆಯನ್ನು ನೋಡುತ್ತಿರಲಿಲ್ಲ. “ಇಷ್ಟ ಮಂದಿ ಒಳ್ಳೇವರು ಅವತ್ತ ಎಲ್ಲಿದ್ರು, ಅಕ್ಕಾರ?”

ಅದಕ್ಕೆ ಯಾರೂ ಉತ್ತರ ಕೊಡುವ ಮೊದಲು ಬಾಲರಕ್ಷಕನು ಮೃದುಲಾಳ ಮಾತಿನ ಕೆಳಗೆ ಒಂದು ಹೊಸ ಚಿತ್ರವನ್ನು ಹಾಕಿದ.

ಹಳೆಯದಲ್ಲ. ಈಗಿನದು. ರೇವಯ್ಯ ಕಾರಿನ ಮುಂದಿನ ಆಸನದಲ್ಲಿ ಕುಳಿತಿದ್ದ. ಜೋಳಿಗೆ ತೊಡೆಯ ಮೇಲಿತ್ತು. ಕಣ್ಣು ಅತ್ತು ಬತ್ತಿದ್ದರೂ ಮುಖದಲ್ಲಿ ಪ್ರಸನ್ನತೆ. ಬಲಗೈ ಎತ್ತಿ ಚಿತ್ರ ತೆಗೆಯುವವನ ಕಡೆಗೇ ತೋರಿದ್ದ. ಕೆಳಗೆ ಬರೆದಿತ್ತು: ‘ವಾಳೂಜಿನ ದಾರಿಯಲ್ಲಿದ್ದಾನೆ. ಮಾತಿಗೆ ಮರುಳಾಗಬೇಡಿ. ಸಿದ್ಧರಾಗಿರಿ.’

ಜಲಜಾ ಬಾಗಿ ನೋಡಿದಳು. “ಆಶೀರ್ವಾದ ಮಾಡಾಕತ್ಯಾನ,” ಎಂದಳು ಮೆಲ್ಲಗೆ. “ನಮ್ಮ ರೇವಯ್ಯ ಸುಮ್ಮ ಸುಮ್ಮನ ಕೈ ಎತ್ತಂಗಿಲ್ರಿ. ಯಾರೋ ಶರಣು ಮಾಡ್ಯಾರ. ಕಾಲು ಮುಟ್ಟಿ, ಎದ್ದು, ಆಮ್ಯಾಲೆ ಫೋಟೋ ತಗದಾರ.”

ಆಚಾರ್ಯರ ನಾಮಸ್ಮರಣೆ ನಿಂತುಹೋಗಿತ್ತು.

ಅವರು ಟ್ಯಾಬನ್ನು ಎರಡೂ ಕೈಗಳಲ್ಲಿ ಎತ್ತಿ ಕಣ್ಣಿಗೆ ಹತ್ತಿರ ಹಿಡಿದರು. ರೇವಯ್ಯನ ಮುಖವನ್ನು ನೋಡಲಿಲ್ಲ. ಅವನು ಒರಗಿದ ಆಸನದ ಹೊದಿಕೆಯನ್ನು ನೋಡಿದರು. ನೀಲಿ ದಾರದಲ್ಲಿ ಕೈಹೆಣಿಗೆ ಹಾಕಿದ, ಒಂದು ಮೂಲೆ ಬಿಚ್ಚಿದ ಹೊದಿಕೆ.

“ಇದನ್ನ ನಮ್ಮಾಕಿ ಹೆಣದದ್ದು,” ಎಂದರು. ತೀರಿಹೋದ ಹೆಂಡತಿಯ ಮಾತು ಆಡುವಾಗ ಅವರ ದನಿ ಎಂದೂ ಹೀಗೆ ಇಳಿದಿರಲಿಲ್ಲ. “ಇದು ನಮ್ಮ ಗಾಡಿ, ಬಾಯಿಯವರ.”

ತಾವು ಹೇಳಿದ್ದನ್ನು ಬರೆದವನು, ಬಳಗದ ಗ್ರೂಪಿನಲ್ಲಿದ್ದವನು, ರೇವಯ್ಯ ಬರುವ ಗಾಡಿಯನ್ನು ಬಲ್ಲವನು ಯಾರೆಂಬುದನ್ನು ಆ ವೃದ್ಧರು ತಾವೇ ಒಂದೊಂದಾಗಿ ಕೂಡಿಸುತ್ತಿರುವುದು ಅವರ ಮುಖದ ಮೇಲೆ ಕಾಣುತ್ತಿತ್ತು. ಆ ಕೂಡಿಕೆಯಲ್ಲಿ ಅವರಿಗೆ ನೆರವಾಗುವ ಧೈರ್ಯ ಯಾರಿಗೂ ಇರಲಿಲ್ಲ.

ಅಷ್ಟರಲ್ಲಿ ಸರೋಜಿನಿಬಾಯಿಯ ಮೊಬೈಲ್ ರಿಂಗಾಯಿತು. ಹೆಸರು ನೋಡಿ ಅವರು ಸ್ಪೀಕರ್ ಹಾಕಿದರು.

“ಕಾಕು, ವರುಣ್.” ದನಿಯಲ್ಲಿ ಎಂದಿನ ಸೌಜನ್ಯ; ಹಿಂದೆ ಲಾರಿಗಳ ಹಾರ್ನು. “ಸಾರಿ, ಡ್ರೈವ್ ಮಾಡ್ತಿದ್ದೆ. ಸ್ವಾಮಿಗಳು ಸಿಕ್ಕಾರ, ಆರಾಮ ಅದಾರ. ವಾಳೂಜ್ ದಾರ್ಯಾಗ ಯೇವಲಾ ದಾಟೀವಿ. ನಿಮ್ಮ ಮೆಸೇಜ್ ಈಗ ನೋಡಿದೆ. ವಾಪಸ್ ನಾಸಿಕಕ್ಕ ಬಾ ಅಂತೀರಲ್ಲ, ಯಾಕ್ರಿ? ಅಪ್ಪಾ ಅಲ್ಲೇ ಅದಾರೇನು?”

ಜಲಜಾಳ ಕೈ ಸರೋಜಿನಿಬಾಯಿಯ ಮೊಣಕೈಯನ್ನು ಬಿಗಿಯಾಗಿ ಹಿಡಿಯಿತು. ಒಂದು ಮಾತು ಹೆಚ್ಚಾದರೂ, ತನ್ನ ಮುಖವಾಡ ಕಳಚಿತೆಂದು ಅವನಿಗೆ ತಿಳಿದುಬಿಡುತ್ತದೆ. ಅವನ ಪಕ್ಕದಲ್ಲಿ, ತೋಳಿಗೆ ತೋಳು ತಾಗುವಷ್ಟು ಹತ್ತಿರದಲ್ಲಿ, ರೇವಯ್ಯ ಕುಳಿತಿದ್ದಾನೆ.

ಉಮಾನಾಥಾಚಾರ್ಯರು ಟ್ಯಾಬನ್ನು ಬೋರಲಾಗಿ ಇಟ್ಟರು. ಕೈಯನ್ನು ಮುಂದೆ ಚಾಚಿ, ಸರೋಜಿನಿಬಾಯಿಯ ಕಣ್ಣಲ್ಲಿ ಕಣ್ಣಿಟ್ಟು, ಸದ್ದಿಲ್ಲದೆ ಆ ಫೋನನ್ನು ಕೇಳಿದರು.

“ಹಲೋ?” ಎಂದಿತು ದನಿ. “ಕಾಕು? ಅಪ್ಪಾ?”

ಕೊಟ್ಟರೆ ಅವರು ಮಾತನಾಡುವುದು ರೇವಯ್ಯನನ್ನು ಉಳಿಸಲೋ, ಮಗನನ್ನು ಎಚ್ಚರಿಸಲೋ? ಆ ಮುಖದಲ್ಲಿ ಅದನ್ನು ಓದಲು ಸರೋಜಿನಿಬಾಯಿಗೆ ಆಗಲಿಲ್ಲ. ಫೋನು ಇನ್ನೂ ಅವರ ಕೈಯಲ್ಲೇ ಬಿಸಿಯಾಗುತ್ತಿತ್ತು.